ವೇತನ ಮಿತಿ: ಒಪ್ಪಂದದ ಮೊತ್ತ ಬೇರೆ, ಕೈಸೇರುವ ಹಣ ಬೇರೆ

ಅಮೆರಿಕದ ನ್ಯಾಷನಲ್ ಫುಟ್‌ಬಾಲ್ ಲೀಗ್‌ನಲ್ಲಿ ಆಟಗಾರನೊಬ್ಬ ಕೋಟ್ಯಂತರ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದ ಸುದ್ದಿ ಆಗಾಗ್ಗೆ ಬರುತ್ತದೆ. ಆ ಮೊತ್ತವೆಲ್ಲ ಅವನ ಕೈಸೇರುತ್ತದೆಂಬ ಖಾತರಿ ಮಾತ್ರ ಇಲ್ಲ. ಅಲ್ಲಿನ ಒಪ್ಪಂದಗಳಿಗೆ ಈಗಿನ ಸ್ವರೂಪ ನೀಡಿದ್ದು 1994ರಲ್ಲಿ ಜಾರಿಗೆ ಬಂದ ವೇತನ ಮಿತಿ. ಆಗ ತಂಡವೊಂದಕ್ಕೆ 3.46 ಕೋಟಿ ಡಾಲರ್ ಇದ್ದ ಮಿತಿ 2025ರಲ್ಲಿ 27.92 ಕೋಟಿಗೆ ಏರಿತು.

ಮಿತಿಯೊಳಗೆ ಉಳಿಯಲು ತಂಡಗಳು ಕಂಡುಕೊಂಡ ದಾರಿ ಸಹಿ ಬೋನಸ್. ಹಣವನ್ನು ಮೊದಲೇ ಕೊಟ್ಟರೂ ಲೆಕ್ಕದಲ್ಲಿ ಅದನ್ನು ಗರಿಷ್ಠ ಐದು ವರ್ಷಗಳಿಗೆ ಹಂಚಬಹುದು. 5 ಕೋಟಿ ಡಾಲರ್ ಬೋನಸ್ ವರ್ಷಕ್ಕೆ 1 ಕೋಟಿಯಂತೆ ದಾಖಲಾಗುತ್ತದೆ. ಎರಡು ವರ್ಷಗಳ ನಂತರ ಆಟಗಾರನನ್ನು ಕೈಬಿಟ್ಟರೆ ಉಳಿದ 3 ಕೋಟಿ ತಂಡದ ಲೆಕ್ಕಕ್ಕೇ ಬೀಳುತ್ತದೆ. ಆಡದವನ ಹೆಸರಿನ ಈ ಹೊರೆಯನ್ನು ಅಲ್ಲಿ ‘ಸತ್ತ ಹಣ’ ಎನ್ನುತ್ತಾರೆ.

ಡೆನ್ವರ್ ಬ್ರಾಂಕೋಸ್ ತಂಡ 2022ರಲ್ಲಿ ರಸೆಲ್ ವಿಲ್ಸನ್ ಅವರ ಒಪ್ಪಂದವನ್ನು 24.5 ಕೋಟಿ ಡಾಲರ್‌ಗೆ ಐದು ವರ್ಷ ವಿಸ್ತರಿಸಿತು. 2024ರಲ್ಲಿ ಅವರನ್ನು ಕೈಬಿಟ್ಟಾಗ ಸುಮಾರು 8.5 ಕೋಟಿ ಡಾಲರ್ ಸತ್ತ ಹಣವನ್ನು ಎರಡು ವರ್ಷ ಹೊರಬೇಕಾಯಿತು.

ಹೀಗೆ ಮೊದಲ ವರ್ಷಗಳಲ್ಲಿ ಬೋನಸ್ಸೇ ಆಟಗಾರನಿಗೆ ಶ್ರೀರಕ್ಷೆ. ವರ್ಷ ಕಳೆದಂತೆ ಆ ಹೊರೆ ಇಳಿಯುತ್ತದೆ, ಖಾತರಿಯಿಲ್ಲದ ವೇತನ ಏರುತ್ತದೆ. ಆಗ ತಾರಾಮೌಲ್ಯವಿಲ್ಲದ ಹಿರಿಯ ಆಟಗಾರನ ಮುಂದೆ ಉಳಿಯುವುದು ಎರಡೇ ದಾರಿ: ಕಡಿಮೆ ಸಂಬಳಕ್ಕೆ ಒಪ್ಪುವುದು, ಇಲ್ಲವೇ ತಂಡದಿಂದ ಹೊರಬೀಳುವುದು. ಆದ್ದರಿಂದ ಒಪ್ಪಂದವನ್ನು ಅಳೆಯಬೇಕಾದದ್ದು ಒಟ್ಟು ಮೊತ್ತದಿಂದಲ್ಲ, ಖಾತರಿಯಾದ ಮೊತ್ತದಿಂದ.