ದುಡಿಯುವ ತಾಯಿಯೂ ಶಿಶುಪಾಲನೆಯೂ

ಸಂಸ್ಕೃತದ ‘ಧಾತ್ರೀ’ ಶಬ್ದಕ್ಕೆ ಹೆತ್ತ ತಾಯಿ, ಸಾಕುವ ದಾದಿ, ಭೂಮಿ ಎಂಬ ಅರ್ಥಗಳುಂಟು. ಹೆತ್ತವಳಿಗೂ ಪೊರೆಯುವವಳಿಗೂ ಒಂದೇ ಹೆಸರನ್ನಿಟ್ಟ ಹಿರಿಯರು, ಶಿಶುಪಾಲನೆಯು ಒಬ್ಬಳಿಂದಲೇ ಸಾಗತಕ್ಕ ಕಾರ್ಯವಲ್ಲವೆಂಬುದನ್ನು ಬಲ್ಲವರಾಗಿದ್ದರೆಂದು ನಮಗೆ ತೋರುತ್ತದೆ. ಅವಿಭಕ್ತ ಕುಟುಂಬದಲ್ಲಿ ಅಜ್ಜಿ, ಅತ್ತೆ, ದೊಡ್ಡಮ್ಮಂದಿರು ಈ ಭಾರವನ್ನು ಹಂಚಿಕೊಳ್ಳುತ್ತಿದ್ದರು. ಬಂಧುಗಳಿಲ್ಲದ ಊರಿನಲ್ಲಿ ತಾಯಿಯು ಕಾರ್ಖಾನೆಗೆ ಹೊರಟು ನಿಂತರೆ ಕೂಸಿನ ಗತಿಯೇನು? ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕಾ ದೇಶವು ಈ ಪ್ರಶ್ನೆಗೆ ಕೊಟ್ಟ ಉತ್ತರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

1941ರ ಡಿಸೆಂಬರಿನಲ್ಲಿ ಆ ದೇಶವು ಯುದ್ಧಕ್ಕಿಳಿಯಿತು. ಗಂಡಸರು ದಂಡಿಗೆ ಹೋದರು. ಹಡಗು ವಿಮಾನಗಳ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಎಳೆಯ ಮಕ್ಕಳ ತಾಯಂದಿರ ಮೊದಲ ಹೊಣೆಯು ಮನೆಯಲ್ಲಿಯೇ ಎಂದು 1942ರಲ್ಲಿ ಸರ್ಕಾರವು ಸಾರಿತಾದರೂ, ದುಡಿಯುವ ಕೈಗಳಿಲ್ಲದೆ ಹಡಗುಗಳು ಸಿದ್ಧವಾಗುವಂತಿರಲಿಲ್ಲ. ತಾಯಂದಿರು ಮಕ್ಕಳನ್ನು ಬೀಗ ಹಾಕಿದ ಮೋಟಾರುಗಾಡಿಗಳಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿರುವರೆಂಬ ಸುದ್ದಿಗಳು ಹಬ್ಬಿದವು. ಆಗ ಲ್ಯಾನ್‌ಹ್ಯಾಮ್ ಕಾಯಿದೆಯ ಮೇರೆಗೆ ಸರ್ಕಾರದ ಹಣದಿಂದ ದೇಶದ ನಾನಾ ಭಾಗಗಳಲ್ಲಿ ಶಿಶುವಿಹಾರಗಳು ಏರ್ಪಟ್ಟವು.

ಇವುಗಳಿಗಿಂತ ಬೇರೆಯಾಗಿ, ಓರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡ್ ನಗರದಲ್ಲಿ ಹಡಗು ಕಟ್ಟುತ್ತಿದ್ದ ಕೈಸರ್ ಕಂಪೆನಿಯವರು 1943ರ ನವೆಂಬರಿನಲ್ಲಿ ತೆರೆದ ಎರಡು ಶಿಶುವಿಹಾರಗಳು ವಿಶೇಷವಾಗಿ ಗಮನಾರ್ಹವಾದವು. ತಾಯಿಯು ಹೋಗುವಾಗ ಬಿಟ್ಟು, ಬರುವಾಗ ಕರೆದುಕೊಂಡು ಹೋಗಲು ಅನುಕೂಲವಾಗುವಂತೆ ಅವುಗಳನ್ನು ಕಾರ್ಖಾನೆಯ ಬಾಗಿಲಲ್ಲಿಯೇ ಕಟ್ಟಿದ್ದರು. ನಡುವೆ ಆಟದ ಅಂಗಳ, ಸುತ್ತಲೂ ಕೋಣೆಗಳು. ಒಂದೂವರೆ ವರ್ಷದಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಲ್ಲಿ ಪ್ರವೇಶವಿತ್ತು. ಕಾರ್ಖಾನೆಯು ಹಗಲಿರುಳೂ ನಡೆಯುತ್ತಿದ್ದುದರಿಂದ ಶಿಶುವಿಹಾರವೂ ಹಗಲಿರುಳು ತೆರೆದಿರುತ್ತಿತ್ತು; ಕ್ರಿಸ್ಮಸ್ ದಿನವೊಂದೇ ರಜ. ವಾರದ ಆರು ದಿನಗಳಿಗೆ ಮೊದಲ ಮಗುವಿನ ಶುಲ್ಕವು 5 ಡಾಲರು. ಶಿಶುಮನೋವಿಜ್ಞಾನದಲ್ಲಿ ಪಂಡಿತೆಯಾದ ಲೋಯಿಸ್ ಮೀಕ್ ಸ್ಟೋಲ್ಜ್ ಅವರು ನಿರ್ದೇಶಕಿ. ಜೇಮ್ಸ್ ಹೈಮ್ಸ್ ಅವರು ವ್ಯವಸ್ಥಾಪಕರು. ಶಿಕ್ಷಕಿಯರು ಈ ವಿದ್ಯೆಯಲ್ಲಿ ತರಬೇತಾದವರು. ಅಲ್ಪಸ್ವಲ್ಪ ಅಸ್ವಸ್ಥವಾದ ಮಕ್ಕಳಿಗೆ ಬೇರೆ ಕೊಠಡಿಯೂ ದಾದಿಯರ ಶುಶ್ರೂಷೆಯೂ ಇದ್ದುವು.

ಇವೆಲ್ಲಕ್ಕಿಂತ ನಮಗೆ ಮೆಚ್ಚಾದುದು ಮತ್ತೊಂದು ಏರ್ಪಾಡು. ಸಂಜೆ ಮಗುವನ್ನು ಕರೆದೊಯ್ಯಲು ಬಂದ ತಾಯಿಯು ಬೇಯಿಸಿದ ಅಡಿಗೆಯನ್ನು ಅಲ್ಲಿಂದಲೇ ಬೆಲೆಕೊಟ್ಟು ಮನೆಗೆ ಒಯ್ಯಬಹುದಾಗಿತ್ತು. ದಿನವೆಲ್ಲ ಉಕ್ಕನ್ನು ಬೆಸೆದು ಬಳಲಿದವಳಿಗೆ ಒಲೆಯ ಮುಂದಿನ ಒಂದು ಗಳಿಗೆ ಉಳಿದರೆ, ಆ ಗಳಿಗೆಯು ಮಗುವಿಗೆ ದೊರೆಯುತ್ತದೆ. ತಾಯಿಯ ಆಯಾಸವನ್ನು ತಿಳಿಯದೆ ಮಗುವಿನ ಹಿತವನ್ನು ಸಾಧಿಸಲಾಗದೆಂಬುದನ್ನು ಅಲ್ಲಿಯವರು ಚೆನ್ನಾಗಿ ಅರಿತಿದ್ದರು.

ಆದರೆ 1945ರಲ್ಲಿ ಯುದ್ಧವು ಮುಗಿಯಿತು. ಆ ವರ್ಷದಲ್ಲಿಯೇ ಈ ಎರಡು ಶಿಶುವಿಹಾರಗಳೂ ಮುಚ್ಚಿದುವು. ಉಳಿದ ಕೇಂದ್ರಗಳಿಗೆ ಸರ್ಕಾರವು ಹಣವನ್ನು ನಿಲ್ಲಿಸಹೊರಟಾಗ ತಾಯಂದಿರು ಪ್ರತಿಭಟಿಸಿದರು. ಅದರಿಂದ ದೊರೆತ ಅವಧಿಯು 1946ರ ಫೆಬ್ರವರಿ ಕೊನೆಯವರೆಗೆ ಮಾತ್ರ. ಕ್ಯಾಲಿಫೋರ್ನಿಯಾ ಸಂಸ್ಥಾನವು ತನ್ನ ಸ್ವಂತ ಹಣದಿಂದ ಅವುಗಳನ್ನು ಮುಂದುವರಿಸಿತು. ಬೇರೆಡೆಗಳಲ್ಲಿ ಬಹುಪಾಲು ಕೇಂದ್ರಗಳು ಬಾಗಿಲು ಹಾಕಿದುವು. ಗಂಡನನ್ನು ರಣದಲ್ಲಿ ಕಳೆದುಕೊಂಡವಳು, ಸಂಬಳವಿಲ್ಲದೆ ಸಂಸಾರ ಸಾಗದವಳು, ಮರುದಿನವೂ ದುಡಿಯಲೇಬೇಕಾಗಿತ್ತು. ಹಡಗಿನ ಅವಸರವು ತೀರಿತು, ಕೂಸಿನ ಹಸಿವು ತೀರಲಿಲ್ಲ.

ನಮ್ಮ ದೇಶದಲ್ಲಿಯೂ 1948ರ ಕಾರ್ಖಾನೆ ಕಾಯಿದೆಯು, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವೆಡೆಯಲ್ಲಿ ಅವರ ಮಕ್ಕಳಿಗೆ ಕೊಠಡಿಯಿರಬೇಕೆಂದು ವಿಧಿಸಿತು; 1976ರಲ್ಲಿ ಆ ಸಂಖ್ಯೆಯನ್ನು 30ಕ್ಕೆ ಇಳಿಸಲಾಯಿತು. ಶಾಂತಿಕಾಲದಲ್ಲಿ ಹುಟ್ಟಿದ ಈ ನಿಯಮವು ಶ್ಲಾಘ್ಯವಾದುದು. ಆದರೆ ಕೊಠಡಿಯಿದ್ದ ಮಾತ್ರಕ್ಕೆ ಧಾತ್ರಿಯು ದೊರೆತಂತಾಗಲಿಲ್ಲ. ಅಲ್ಲಿ ಮಗುವನ್ನು ಎತ್ತಿಕೊಳ್ಳುವವರು ಯಾರು, ಅವರಿಗೆ ತಿಳಿವಳಿಕೆಯೆಷ್ಟು, ಸಂಬಳವೆಷ್ಟು ಎಂಬುದನ್ನು ಗೃಹಸ್ಥರಾದ ನಾವು ವಿಚಾರಿಸತಕ್ಕದ್ದು. ದುಡಿಯುವವಳು ನಮ್ಮ ಮನೆಯ ಸೊಸೆಯಾಗಿರಲಿ, ನೆರೆಮನೆಯವಳಾಗಿರಲಿ, ಅವಳ ಕೂಸು ಯಾರ ತೋಳಿನಲ್ಲಿದೆ ಎಂಬುದೇ ಮೊದಲ ಪ್ರಶ್ನೆಯಾಗಬೇಕು.