ಇಪ್ಪತ್ತೆಂಟು ವರ್ಷದ ಲಾವಣಿ

ಸೀಗಿ ಹುಣ್ಣಿಮೆಯ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗಿದ್ದೆವು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜೆ ಮಾಡಿ, ಬುತ್ತಿ ಬಿಚ್ಚಿ, ಎಲ್ಲರೂ ಉಂಡು ಕೈತೊಳೆದ ಮೇಲೆ ನನ್ನ ತಮ್ಮ ಅಂಗಿಯ ಕಿಸೆಯಿಂದ ಒಂದು ಕಾಗದ ತೆಗೆದ. ಸೋಲಾರ ಕಂಪನಿಯೊಂದರ ಏಜೆಂಟ ಕೊಟ್ಟುಹೋದ ಒಪ್ಪಿಗೆ ಪತ್ರ ಅದು. ಉತಾರದಲ್ಲಿ ಇಬ್ಬರ ಹೆಸರೂ ಇರುವುದರಿಂದ ನನ್ನ ಸಹಿಯೂ ಬೇಕು.

"ಅಣ್ಣಾ, ಒಂದ ಸಹಿ ಮಾಡಿಬಿಡು. ಮಳಿ ನೋಡೂದು ಬ್ಯಾಡ, ಮುಗಲ ನೋಡೂದು ಬ್ಯಾಡ. ವರ್ಷಾ ಎಣಿಸಿ ರೊಕ್ಕಾ ಕೊಡ್ತಾರ" ಎಂದ.

ನಾನು ಸಹಿ ಮಾಡಲಿಲ್ಲ. ಆ ರಾತ್ರಿ ಮನೆಯಲ್ಲಿ ನಡೆದ ಜಗಳವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದು ನಮ್ಮ ಮನೆಯ ಜಗಳವಾಗಿಯಷ್ಟೇ ಉಳಿದಿದ್ದರೆ ಬರೆಯುತ್ತಿರಲಿಲ್ಲ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳಲ್ಲಿ ಇಂಥ ಕಾಗದ ಬಂದ ಪ್ರತಿ ಮನೆಯಲ್ಲೂ ಆಗುವ, ಆಗಲೇಬೇಕಾದ ಜಗಳ ಅದು.

ನಮ್ಮ ಕಡೆ ಹೊಲವನ್ನು ವರ್ಷಕ್ಕಿಷ್ಟು ಎಂದು ಗೊತ್ತು ಮಾಡಿ ಬೇರೆಯವರಿಗೆ ಕೊಡುವುದನ್ನು ಲಾವಣಿ ಎನ್ನುತ್ತೇವೆ. ಯುಗಾದಿಯಿಂದ ಯುಗಾದಿಗೆ ಅದರ ಆಯುಷ್ಯ. ಹಾಕಿಕೊಂಡವನು ಹೊಲವನ್ನು ನೆಟ್ಟಗೆ ನೋಡಿಕೊಳ್ಳದಿದ್ದರೆ ಮುಂದಿನ ಯುಗಾದಿಗೆ ಬಿಡಿಸಿಕೊಳ್ಳಬಹುದು. ಈ ಕಾಗದದಲ್ಲಿ ಇರುವುದು ಇಪ್ಪತ್ತೆಂಟು ಯುಗಾದಿಗಳ ಲಾವಣಿ. ನನಗೀಗ ಅರವತ್ತನಾಲ್ಕು. ಕರಾರು ಮುಗಿದ ದಿನ ಬದುವಿನ ಮೇಲೆ ನಿಂತು "ನನ್ನ ಹೊಲ ನನಗೆ ಕೊಡ್ರಿ" ಎನ್ನಲು ನಾನಿರುವುದಿಲ್ಲ, ಬಹುಶಃ ತಮ್ಮನೂ ಇರುವುದಿಲ್ಲ. ಅಂದರೆ ನಮ್ಮ ಆಯುಷ್ಯಕ್ಕಿಂತ ಉದ್ದನೆಯ ಮಾತನ್ನು ನಾವು ಕೊಡುತ್ತಿದ್ದೇವೆ.

ಆದರೆ ಮೊದಲು ತಮ್ಮನ ಮಾತು ಹೇಳಬೇಕು. ಅದನ್ನು ಹೇಳದೆ ನನ್ನದನ್ನಷ್ಟೇ ಹೇಳಿದರೆ ಅದು ಮಾಸ್ತರಿಕೆಯಾದೀತು.

"2019ರಾಗ ಮಲಪ್ರಭಾ ಹೊಳಿ ಬಂದು ರಾಮದುರ್ಗದ ಕಡೆ ಬೀಗರ ಮನೀನ ನೀರಾಗ ನಿಂತಿತ್ತು. 2023ರಾಗ ಮಳೀನ ಇಲ್ಲ, ಜ್ವಾಳ ಕಾಳ ಕಟ್ಟಲಿಲ್ಲ. ಒಂದ ವರ್ಷ ನೀರು ಹೆಚ್ಚು, ಒಂದ ವರ್ಷ ನೀರ ಇಲ್ಲ. ಕಡ್ಲಿ ಛಲೋ ಬಂದ್ರ ದರಾ ಇಲ್ಲ, ದರಾ ಇದ್ರ ಕಡ್ಲಿ ಇಲ್ಲ. ಮಗಾ ಧಾರವಾಡದಾಗ ಕೆಲಸಾ ಹುಡುಕಾಕತ್ತಾನ, ಹೊಲಕ್ಕ ಬರಾಂಗಿಲ್ಲ. ನಿನಗೇನಪ್ಪ, ಒಂದನೇ ತಾರೀಖಿಗೆ ಪಿಂಚಣಿ ಬರತೈತಿ. ಮಣ್ಣು ತಾಯಿ ಅಂತ ಭಾಷಣಾ ಮಾಡಾಕ ನಿನಗ ಸಸಾರ ಐತಿ."

ಇದರಲ್ಲಿ ಸುಳ್ಳು ಒಂದೂ ಇಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಸರಕಾರವೇ ಬರಪೀಡಿತವೆಂದು ಸಾರಿತು. ಪಿಂಚಣಿಯ ಮಾತೂ ನಿಜ. ನಾಲ್ಕು ದಶಕಗಳಿಂದ ನಾನು ಕೂರಿಗೆ ಹಿಡಿದಿಲ್ಲ. ಆದ್ದರಿಂದ ಮಣ್ಣಿನ ಮಹಿಮೆಯ ಭಾಷಣವನ್ನು ನಾನು ಇಲ್ಲಿ ಮಾಡುವುದಿಲ್ಲ. ಕಿತ್ತೂರ ಚೆನ್ನಮ್ಮನನ್ನೂ ಸಂಗೊಳ್ಳಿ ರಾಯಣ್ಣನನ್ನೂ ಈ ಜಗಳಕ್ಕೆ ಎಳೆದು ತರುವುದಿಲ್ಲ. ಪೇಟೆಯಿಂದ ಬಂದು ಮೈಕು ಹಿಡಿದು, ಹೊಲ ಮಾರಬೇಡಿರೆಂದು ಬೋಧಿಸಿ, ಸಂಜೆಯ ಬಸ್ಸಿಗೆ ಹಿಂದಿರುಗುವ ಹೋರಾಟಗಾರರ ಸಾಲಿಗೂ ನಾನು ಸೇರುವವನಲ್ಲ. ಲೆಕ್ಕದ ಮಾತನ್ನೇ ಆಡೋಣ.

ಏಜೆಂಟ ಮಾತಿಗೊಮ್ಮೆ ಪಾವಗಡದ ಹೆಸರು ಹೇಳುತ್ತಾನೆ. ತುಮಕೂರು ಜಿಲ್ಲೆಯ ಪಾವಗಡ ತಾಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ನಿಂತಿದೆ. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ತಿಯಾಯಿತು. ಅಲ್ಲಿ ಹೊಲ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರ ಏರಿಕೆ, ಹೀಗೆಂದು ಬಾಡಿಗೆಗೆ ಪಡೆದರು. ಬರದ ಮೇಲೆ ಬರ ಬಿದ್ದು, ಕೊಳವೆ ಬಾವಿ ಬತ್ತಿ, ಜನ ಬೆಂಗಳೂರಿಗೆ ಗುಳೆ ಹೋಗುತ್ತಿದ್ದ ಊರುಗಳಿವು. ಅಲ್ಲಿಯ ರೈತ ಒಪ್ಪಿದ್ದನ್ನು ತಪ್ಪೆನ್ನಲು ನಾನು ಯಾರು?

ಆದರೆ ಆ ಲೆಕ್ಕವನ್ನು ಕೊನೆಯವರೆಗೂ ಮಾಡಿ ನೋಡಿ. ಎರಡು ವರ್ಷಕ್ಕೆ ಐದು ಎಂದರೆ ವರ್ಷಕ್ಕೆ ಎರಡೂವರೆ. 21,000 ರೂಪಾಯಿ ಇಪ್ಪತ್ತೆಂಟನೆಯ ವರ್ಷಕ್ಕೆ ಏರಿ ಏರಿ 40,000ದ ಹತ್ತಿರ ಬಂದು ನಿಲ್ಲುತ್ತದೆ. ಎರಡು ಪಟ್ಟೂ ಆಗುವುದಿಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನೆದುರು ನಾನು ಎರಡು ರೂಪಾಯಿಗೆ ಚಹಾ ಕುಡಿಯುತ್ತಿದ್ದೆ. ಇಂದು ಹತ್ತಕ್ಕೆ ಕಡಿಮೆ ಇಲ್ಲ. ಚಹಾ ಐದು ಪಟ್ಟು ಏರುವ ಕಾಲದಲ್ಲಿ ಹೊಲದ ಬಾಡಿಗೆ ಎರಡು ಪಟ್ಟೂ ಏರದಿದ್ದರೆ, ಇಂದು ದೊಡ್ಡದಾಗಿ ಕಾಣುವ ರೊಕ್ಕ ನಮ್ಮ ಮೊಮ್ಮಕ್ಕಳ ಕೈಗೆ ಬರುವಾಗ ಎಷ್ಟಾಗಿರುತ್ತದೆ? ಬೆಳೆಯ ದರ ಬೀಳುತ್ತದೆ, ಏಳುತ್ತದೆ. ಬಾಡಿಗೆ ಬೀಳುವುದಿಲ್ಲವೆಂದು ತಮ್ಮ ಹೇಳುತ್ತಾನೆ. ಅದು ಕೂತಲ್ಲೇ ಕರಗುತ್ತದೆ ಎಂದು ನಾನು ಹೇಳುತ್ತೇನೆ.

ಇದು ನಮ್ಮಿಬ್ಬರ ಲಾಭ ನಷ್ಟದ ಮಾತಾಯಿತು. ನನ್ನ ನಿಜವಾದ ತಕರಾರು ಬೇರೆಯದು. ಆ ಕಾಗದದಲ್ಲಿ ಇಬ್ಬರ ಸಹಿಗೆ ಜಾಗವಿದೆ. ನಮ್ಮ ಎಂಟು ಎಕರೆ ಎರಿ ಹೊಲದ ಮೇಲೆ ಬದುಕುವವರು ನಾವಿಬ್ಬರೇ ಏನು?

ಕಳೆ ತೆಗೆಯಲು, ಕಡಲೆ ಕೀಳಲು, ಹತ್ತಿ ಬಿಡಿಸಲು ಓಣಿಯ ಏಳೆಂಟು ಹೆಣ್ಣುಮಕ್ಕಳು ಬರುತ್ತಾರೆ. ಅವರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಸುಗ್ಗಿ ಮುಗಿದ ಮೇಲೆ ಮುದುಕಿಯರು ಹಕ್ಕಲು ಆರಿಸುತ್ತಾರೆ. ಬೇಸಿಗೆಯಲ್ಲಿ ಕುರುಬರು ಬಂದು ಕುರಿ ತರುಬುತ್ತಾರೆ, ಅವರಿಗೆ ಕಾಳು ಸಿಗುತ್ತದೆ, ನಮಗೆ ಗೊಬ್ಬರ. ಕಣಿಕೆ ಇಲ್ಲದವನು ನಮ್ಮ ಬಣವೆಯಿಂದ ನಾಲ್ಕು ಸಿವುಡು ಒಯ್ಯುತ್ತಾನೆ. ಇವರಾರೂ ಉತಾರದಲ್ಲಿಲ್ಲ. ತಂತಿಬೇಲಿ ಬಿದ್ದ ದಿನ ಇವರಿಗೆ ನೋಟೀಸು ಕೊಡುವವರಿಲ್ಲ, ಪರಿಹಾರ ಕೇಳಲು ಹಕ್ಕಿಲ್ಲ. ಪಾವಗಡದಿಂದ ಬಂದ ವರದಿಗಳಲ್ಲಿ ಮತ್ತೆ ಮತ್ತೆ ಕಾಣುವುದೂ ಇದೇ. ಹೊಲವಿದ್ದವನಿಗೆ ಬಾಡಿಗೆ ಬಂತು. ಹೊಲವಿಲ್ಲದವನಿಗೆ ಇದ್ದ ಕೂಲಿಯೂ ಹೋಯಿತು, ಕುರಿಯವನಿಗೆ ಮೇವಿನ ದಾರಿ ಮುಚ್ಚಿತು. ಫಲಕ ತೊಳೆಯುವ, ಹುಲ್ಲು ಕೀಳುವ, ಕಾವಲು ಕಾಯುವ ಕೆಲಸ ಒಂದಿಷ್ಟು ಜನರಿಗೆ ಸಿಗಬಹುದು. ಹೊಲ ಕೊಡುತ್ತಿದ್ದಷ್ಟು ಕೈಗಳಿಗೆ ಅದು ಕೆಲಸ ಕೊಡುವುದಿಲ್ಲ.

ಇದರಲ್ಲೊಂದು ಚೋದ್ಯವಿದೆ. 1974ರಲ್ಲಿ ದೇವರಾಜ ಅರಸರ ಸರಕಾರ ಜಾರಿಗೆ ತಂದ ಭೂಸುಧಾರಣೆ ಗೇಣಿ ಪದ್ಧತಿಯನ್ನೇ ಮುಗಿಸಿತು. ಉಳುವವನೇ ಹೊಲದೊಡೆಯ ಎಂಬ ಮಾತನ್ನು ನಾನು ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಬಡವನಿಗೆ ಒಂದು ವರ್ಷ ಹೊಲ ಲಾವಣಿ ಕೊಟ್ಟರೂ ಕಾನೂನಿನ ಕಣ್ಣಿಗೆ ತಪ್ಪು, ಆದ್ದರಿಂದ ಕೊಡುವುದೆಲ್ಲ ಬಾಯಿಮಾತಿನ ಮೇಲೆ. ಕಂಪನಿಗೆ ಇಪ್ಪತ್ತೆಂಟು ವರ್ಷ ಕೊಡುವುದಕ್ಕೆ ಮಾತ್ರ ವಿನಾಯಿತಿಗಳ ಬಾಗಿಲು ತೆರೆದುಕೊಳ್ಳುತ್ತವೆ. 2020ರ ತಿದ್ದುಪಡಿ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ ಒಕ್ಕಲುತನ ಮಾಡದವನೂ ಹೊಲ ಕೊಳ್ಳಬಹುದೆಂದಿತು. ಉಳುವವನ ಕಾನೂನು ಉಳದವನ ಕಡೆಗೆ ವಾಲುತ್ತ ಬಂದಿದೆ.

ಸರಕಾರ ಬಲವಂತದಿಂದ ಹೊಲ ಕಸಿದರೆ ಹೇಗೆ ಎದುರಿಸಬೇಕೆಂಬುದು ನಮಗೆ ಗೊತ್ತು. ದೇವನಹಳ್ಳಿಯ ಚನ್ನರಾಯಪಟ್ಟಣದ ರೈತರು ವರ್ಷಗಟ್ಟಲೆ ಕೂತರು. 2025ರ ಜುಲೈದಲ್ಲಿ ಸರಕಾರ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು. ಆದರೆ ಇಲ್ಲಿ ಪೊಲೀಸರಿಲ್ಲ, ಸ್ವಾಧೀನದ ನೋಟೀಸಿಲ್ಲ. ಇರುವುದು ನಮ್ಮದೇ ಒಪ್ಪಿಗೆ. ಒಪ್ಪಿಗೆಯ ವಿರುದ್ಧ ಧರಣಿ ಕೂಡುವುದು ಹೇಗೆ? ಅದಕ್ಕೇ ಈ ಜಗಳ ಕಚೇರಿಯ ಮುಂದೆ ನಡೆಯುವುದಿಲ್ಲ, ಅಣ್ಣತಮ್ಮಂದಿರ ನಡುವೆ ನಡೆಯುತ್ತದೆ.

ನಾನು ಸೂರ್ಯನ ವಿರೋಧಿಯಲ್ಲ. ಕಲ್ಲಿದ್ದಲು ಸುಟ್ಟು ಮಾಡುವ ಕರೆಂಟಿಗಿಂತ ಬಿಸಿಲಿನ ಕರೆಂಟು ಮೇಲು, ಅದು ಬೇಕೇ ಬೇಕು. ನಡುರಾತ್ರಿ ತ್ರೀಫೇಸ್ ಬಂತೆಂದು ಬ್ಯಾಟರಿ ಹಿಡಿದು ಹಾವಿನ ನಡುವೆ ನೀರು ಹಾಯಿಸುವ ರೈತನಿಗೆ ಹಗಲು ಕರೆಂಟು ಕೊಡುವುದಾದರೆ ಅದು ಪುಣ್ಯದ ಕೆಲಸ. 2019ರ ಕುಸುಮ್ ಯೋಜನೆ ಅದೇ ಮಾತನ್ನಾಡುತ್ತದೆ. ನನ್ನ ಪ್ರಶ್ನೆ ಒಂದೇ: ಎಲ್ಲಿ ಹಾಕಬೇಕು?

ಸವದತ್ತಿ ಗುಡ್ಡದ ಮೇಲೆ ಗಾಳಿಕಂಬಗಳು ನಿಂತು ವರ್ಷಗಳಾದವು. ಕಂಬದ ಬುಡಕ್ಕೆ, ಅದರ ದಾರಿಗೆ ಒಂದಿಷ್ಟು ಜಾಗ ಹೋಗುತ್ತದೆ, ಅದರ ಸುತ್ತ ಕುಂಟೆ ಹೊಡೆಯಬಹುದು. ಸೋಲಾರ ಹಾಗಲ್ಲ. ಒಂದು ಮೆಗಾವ್ಯಾಟಿಗೆ ನಾಲ್ಕೈದು ಎಕರೆಯನ್ನು ಜಮಖಾನೆ ಹಾಸಿದಂತೆ ಮುಚ್ಚುತ್ತದೆ. ಮುಚ್ಚುವುದೇ ಆದರೆ ಏನನ್ನು ಮುಚ್ಚುತ್ತೇವೆ ಎಂದು ನೋಡಬೇಡವೇ? ಬೈಲಹೊಂಗಲದ ಎರಿ ನೆಲ ಹಿಂಗಾರಿ ಜೋಳಕ್ಕೆ, ಕಡಲೆಗೆ, ಗೋಧಿಗೆ ಒಂದೇ ಮಳೆಯ ಹಸಿಯನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಕಿತ್ತೂರಿನ ಪಡುವಲಕ್ಕೆ ಬತ್ತ ಬೆಳೆಯುತ್ತದೆ. ರಾಮದುರ್ಗದ ಕಡೆ ಕೂರಿಗೆಯ ತಾಳು ಮುರಿಯುವಂಥ ಕಲ್ಲು ಹೊಲಗಳೂ ಇವೆ. ಎಲ್ಲವನ್ನೂ ಒಂದೇ ದರದಲ್ಲಿ ಕೇಳುವ ಏಜೆಂಟನಿಗೆ ಹೊಲ ಬೇಕಿಲ್ಲ, ಸಪಾಟು ಜಾಗ ಬೇಕು, ಹತ್ತಿರದಲ್ಲಿ ಸಬ್‌ಸ್ಟೇಶನ್ನು ಬೇಕು. ಸಪಾಟಾಗಿರುವುದು ನಮ್ಮ ಎರಿ ಎಂಬುದೇ ನಮ್ಮ ದುರ್ದೈವ.

2012ರಲ್ಲೇ ಗುಜರಾತಿನವರು ನರ್ಮದಾ ಕಾಲುವೆಯ ಮೇಲೆ ಫಲಕ ಹಾಸಿ ಒಂದು ಮೆಗಾವ್ಯಾಟು ತೆಗೆದು ತೋರಿಸಿದರು. ನಮ್ಮಲ್ಲಿ ಮಲಪ್ರಭೆಯ ಎಡದಂಡೆ, ಬಲದಂಡೆ ಕಾಲುವೆಗಳು ಬಿಸಿಲಿಗೆ ಬಿದ್ದುಕೊಂಡಿವೆ. ಸಕ್ಕರೆ ಕಾರಖಾನೆಗಳ ತಗಡು, ಎಪಿಎಂಸಿಯ ಗೋದಾಮು, ಶಾಲೆ ಕಚೇರಿಗಳ ಮಾಳಿಗೆಗಳಿವೆ. ಜೋಧಪುರದ ಒಣಭೂಮಿ ಸಂಶೋಧನಾ ಕೇಂದ್ರದವರು ಫಲಕಗಳ ಸಾಲಿನ ನಡುವೆ ಬೆಳೆ ತೆಗೆದಿದ್ದಾರೆ. ಇವೆಲ್ಲ ತುಸು ತುಟ್ಟಿ ಎಂದು ತಿಳಿದವರು ಹೇಳುತ್ತಾರೆ. ಎರಿ ಹೊಲ ಅಗ್ಗವಾಗಿ ಸಿಗುವವರೆಗೆ ಉಳಿದದ್ದೆಲ್ಲ ತುಟ್ಟಿಯೇ.

ನಮ್ಮ ಭಾಗದ ಜನ ಅಭಿವೃದ್ಧಿಯ ಕಾಗದವನ್ನು ಹಿಂದೆಯೂ ಓದಿದ್ದಾರೆ. ನವಿಲುತೀರ್ಥಕ್ಕೆ ಆಣೆಕಟ್ಟು ಬಂದಾಗ ಸವದತ್ತಿ ಕಡೆಯ ಹೊಲಮನೆ ನೀರಿನಡಿ ಹೋದವು. ಕೆಳಗಿನ ರೈತನಿಗೆ ಹೇಳಿದಷ್ಟು ನೀರು ಮುಟ್ಟುವ ಮೊದಲೇ ಕರದ ನೋಟೀಸು ಮುಟ್ಟಿತು. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗೋಲಿಬಾರಾಗಿ ರೈತರು ಸತ್ತದ್ದು ಆ ಕಾರಣಕ್ಕೆ. ಆಣೆಕಟ್ಟೇ ಬೇಡವಾಗಿತ್ತು ಎಂದು ಆ ರೈತರು ಹೇಳಲಿಲ್ಲ. ಕಾಗದದಲ್ಲಿ ಬರೆದದ್ದಕ್ಕೂ ಹೊಲದಲ್ಲಿ ಆದದ್ದಕ್ಕೂ ತಾಳೆಯಿಲ್ಲ ಎಂದು ಹೇಳಿದರು.

ಈ ಕಾಗದದಲ್ಲೂ ಬರೆಯದೆ ಬಿಟ್ಟದ್ದೇ ಹೆಚ್ಚು. ಕಂಪನಿ ಕೈಬದಲಾದರೆ ಬಾಡಿಗೆ ಯಾರು ಕೊಡಬೇಕು? ಅವಧಿ ಮುಗಿದ ಮೇಲೆ ಕಂಬ ಕಿತ್ತು, ಬುಡದ ಕಾಂಕ್ರೀಟು ತೆಗೆದು, ಬದು ಕಟ್ಟಿ, ಕೂರಿಗೆ ಹೂಡುವಂತೆ ಹೊಲ ಒಪ್ಪಿಸುವವರು ಯಾರು? 2022ರ ಇ-ತ್ಯಾಜ್ಯ ನಿಯಮಗಳು ಹಳೆಯ ಫಲಕಗಳ ಮಾತಾಡುತ್ತವೆ, ಹಳೆಯ ಹೊಲದ ಮಾತಾಡುವುದಿಲ್ಲ. ಆ ಕೆಲಸದ ಖರ್ಚನ್ನು ಮೊದಲೇ ಬ್ಯಾಂಕಿನಲ್ಲಿ ಠೇವಣಿ ಇಡಲಿ. ಬಾಡಿಗೆ ಬೆಲೆಯೇರಿಕೆಗೆ ತಕ್ಕಂತೆ ಏರಲಿ. ಯಾವುದು ಎರಿ, ಯಾವುದು ಕಲ್ಲು ಎಂಬುದನ್ನು ಗ್ರಾಮಸಭೆ ಹೇಳಲಿ. ಆ ಸಭೆಯಲ್ಲಿ ಉತಾರ ಇಲ್ಲದವರೂ ಕೂಡಲಿ, ಅವರ ಪಾಲೂ ಕರಾರಿನಲ್ಲಿ ಬರಲಿ. ಇಷ್ಟನ್ನು ಬರೆದುಕೊಡಲು ಹಿಂಜರಿಯುವವರಿಗೆ ಇಪ್ಪತ್ತೆಂಟು ವರ್ಷ ಹೊಲ ಯಾಕೆ ಕೊಡಬೇಕು?

ಇನ್ನು ನನ್ನ ಪಿಂಚಣಿಯ ಮಾತು. ಬೇಡ ಎನ್ನುವವನಿಗೂ ಅದರ ಖರ್ಚು ಬರಬೇಕು, ಇಲ್ಲದಿದ್ದರೆ ಅವನ ಮಾತಿಗೆ ತೂಕವಿಲ್ಲ. ನಮಗೆ ಎರಿಯ ಹೊರತಾಗಿ ಗುಡ್ಡದ ಬುಡಕ್ಕೆ ನಾಲ್ಕು ಎಕರೆ ಮಸಾರಿ ಇದೆ. ಅದಕ್ಕೆ ಈ ಶರತ್ತುಗಳನ್ನು ಬರೆದುಕೊಟ್ಟರೆ ಸಹಿ ಮಾಡುತ್ತೇನೆ, ಬಾಡಿಗೆಯೆಲ್ಲ ತಮ್ಮನಿಗೇ ಇರಲಿ. ಎರಿಗೆ ಮಾಡುವುದಿಲ್ಲ. ಅದರ ಪೀಕಿನಲ್ಲಿ ನನ್ನ ಪಾಲು ಇನ್ನು ಮೇಲೆ ಕೇಳುವುದಿಲ್ಲ, ಬರ ಬಿದ್ದ ವರ್ಷ ಬೀಜ ಗೊಬ್ಬರದ ಖರ್ಚು ನನ್ನ ಪಿಂಚಣಿಯಿಂದ ಕೊಡುತ್ತೇನೆ. ಇದನ್ನು ತಮ್ಮನಿಗೆ ಹೇಳಿ ಎರಡು ತಿಂಗಳಾಯಿತು. "ನೋಡೂಣು" ಎಂದಿದ್ದಾನೆ. ಮಾತು ಮೊದಲಿನಷ್ಟಿಲ್ಲ.

ಮೊನ್ನೆ ಹೊಲಕ್ಕೆ ಹೋದಾಗ ಪ್ರತಿವರ್ಷ ಕೂಲಿಗೆ ಬರುವ ಹೆಣ್ಣುಮಗಳೊಬ್ಬಳು ಬದುವಿನ ಮೇಲೆ ನಿಲ್ಲಿಸಿ ಕೇಳಿದಳು:

"ಮಾಸ್ತರ್ರೀ, ಕಂಪನಿಯವರಿಗೆ ಹೊಲಾ ಕೊಡ್ತೀರಂತ, ಖರೇ ಏನ್ರಿ? ಈ ಸಲ ಕಡ್ಲಿ ಕೀಳಾಕ ಕರೀತೀರೋ ಇಲ್ರೋ?"

ಆಕೆಯ ಸಹಿಯನ್ನು ಯಾರೂ ಕೇಳಿಲ್ಲ. ಈ ಸಲ ಕರೆಯುತ್ತೇವೆ ಎಂದೆ. ಮುಂದಿನ ಸಲದ ಮಾತನ್ನು ನನ್ನೊಬ್ಬನ ಬಾಯಿಂದ ಹೇಳಲಾಗಲಿಲ್ಲ.