ಹಳೆಯ ಕಾದಂಬರಿ, ಹೊಸ ಚಿತ್ರ

ಜಪಾನಿನ ಚಿತ್ರಕಥೆಗಳಿಗೆ ಮಾಂಗಾ ಎಂದು ಹೆಸರು. ದೊಡ್ಡ ಕಣ್ಣು, ಚೂಪು ಗಲ್ಲ, ಗಾಳಿಗೆ ಹಾರುವ ಕೂದಲಿನ ಆ ಮುಖಗಳನ್ನು ಸಾಂಗಲಿ-ಮಿರಜದ ಮಕ್ಕಳೂ ಮೊಬೈಲಿನಲ್ಲಿ ನೋಡಿ ಬಲ್ಲರು. 2007ರಲ್ಲಿ ಅಲ್ಲಿಯ ಶುಯೇಶಾ ಪ್ರಕಾಶನವು ದಜಾಯಿ ಒಸಾಮು ಎಂಬ ಲೇಖಕನ 1948ರ ಪ್ರಸಿದ್ಧ ಕಾದಂಬರಿಯನ್ನು ಮತ್ತೆ ಅಚ್ಚು ಹಾಕಿತು. ಮುಖಪುಟಕ್ಕೆ ಮಾತ್ರ ‘ಡೆತ್ ನೋಟ್’ ಮಾಂಗಾದ ಕಲಾವಿದ ಒಬಾಟಾ ತಕೇಶಿಯಿಂದ ಚಿತ್ರ ಬರೆಯಿಸಿತು. ಕಾದಂಬರಿ ಮೊದಲಿನದೇ. ಆದರೂ ಆ ಹಳೆಯ ಪುಸ್ತಕ ಕೆಲವೇ ತಿಂಗಳುಗಳಲ್ಲಿ ಹತ್ತಾರು ಸಾವಿರ ಪ್ರತಿ ಮಾರಾಟವಾಯಿತು. ಅದೇ ವರ್ಷ ಈಸ್ಟ್ ಪ್ರೆಸ್ ಎಂಬ ಇನ್ನೊಂದು ಸಂಸ್ಥೆ ಬೇರೆಯೇ ದಾರಿ ಹಿಡಿಯಿತು. ದೇಶ ವಿದೇಶಗಳ ಮೇರುಕೃತಿಗಳನ್ನು ಇಡಿಯಾಗಿ ಚಿತ್ರಗಳಲ್ಲಿ ಹೇಳಿ, ಕಿರುಪುಸ್ತಕಗಳ ಮಾಲೆಯನ್ನು ಹೊರತಂದಿತು.

ಎರಡನ್ನೂ ಜನ ‘ಸಚಿತ್ರ ಆವೃತ್ತಿ’ ಎಂದೇ ಕರೆಯುತ್ತಾರೆ. ಆದರೆ ಮಗುವಿನ ಕೈಗೆ ಸೇರುವ ವಸ್ತು ಒಂದೇ ಅಲ್ಲ. ಭಾರತದ ಕಾನೂನು ಈ ಅಂತರವನ್ನು ಬಹಳ ಹಿಂದೆಯೇ ಗುರುತಿಸಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದ 2ನೆಯ ಕಲಮಿನಲ್ಲಿ ‘ರೂಪಾಂತರ’ದ ವ್ಯಾಖ್ಯೆ ಇದೆ. ಸಾಹಿತ್ಯ ಕೃತಿಯ ಸಂಕ್ಷೇಪವೂ, ಕಥೆಯನ್ನು ಪೂರ್ಣವಾಗಿ ಅಥವಾ ಮುಖ್ಯವಾಗಿ ಚಿತ್ರಗಳ ಮೂಲಕ ತಿಳಿಸುವ ಪುಸ್ತಕವೂ ಅದರಡಿ ಬರುತ್ತವೆ. ಮೂಲದ ಪಠ್ಯವನ್ನು ಹಾಗೆಯೇ ಉಳಿಸಿ ನಡುನಡುವೆ ಚಿತ್ರ ಸೇರಿಸಿದರೆ ಅದು ಆ ಕಾದಂಬರಿಯೇ. ಮಾತುಗಳನ್ನು ತೆಗೆದು ಚಿತ್ರಗಳಿಗೆ ಕಥೆ ಹೇಳಲು ಬಿಟ್ಟರೆ ಅದು ಇನ್ನೊಂದು ಕೃತಿ.

ಕನ್ನಡಕ್ಕೆ ಈ ಇನ್ನೊಂದು ಕೃತಿ ಹೊಸತಲ್ಲ. 1965ರ ಸುಮಾರಿಗೆ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್ ಸಂಸ್ಥೆಗಾಗಿ ಜಿ.ಕೆ. ಅನಂತರಾಮ್ ಅವರು ಪಾಶ್ಚಾತ್ಯ ಚಿತ್ರಕಥೆಗಳನ್ನು ಕನ್ನಡದಲ್ಲಿ ತರಿಸಿದರು. ‘ಅಮರ ಚಿತ್ರ ಕಥಾ’ ಮಾಲೆಯ ಮೊದಲ ಹತ್ತು ಸಂಖ್ಯೆಗಳು ಇವೇ. ಕಾರ್ಕಳದಲ್ಲಿ ಹುಟ್ಟಿ ಮುಂಬಯಿಯಲ್ಲಿ ಬೆಳೆದ ಅನಂತ ಪೈ ಅವರ ಸಂಪಾದಕತ್ವದಲ್ಲಿ ಇಂಗ್ಲಿಷಿನ ‘ಕೃಷ್ಣ’ ಬಂದಾಗ ಅದರ ಸಂಖ್ಯೆ 11 ಆಗಿದ್ದುದು ಇದರಿಂದಲೇ. ದೇಶವೆಲ್ಲ ಓದಿದ ಮಾಲೆಯೊಂದು ಕನ್ನಡದಲ್ಲಿ ಕಣ್ಣು ತೆರೆಯಿತೆಂಬುದನ್ನು ಕನ್ನಡಿಗರೇ ಮರೆತಿದ್ದಾರೆ. ಮುಂದೆ ಬಂಕಿಮಚಂದ್ರರ ‘ಆನಂದಮಠ’ವೂ ಆ ಮಾಲೆಯಲ್ಲಿ ಚಿತ್ರಕಥೆಯಾಯಿತು. ಅದನ್ನೋದಿದ ಎಷ್ಟು ಮಕ್ಕಳು ದೊಡ್ಡವರಾದ ಮೇಲೆ ಬಿ. ವೆಂಕಟಾಚಾರ್ಯರ ಕನ್ನಡ ಅನುವಾದವನ್ನು ಹುಡುಕಿಕೊಂಡು ಹೋದರು ಎಂದು ಕೇಳಿದರೆ ಉತ್ತರ ಉತ್ಸಾಹ ತರುವಂತಿರಲಾರದು.

ಗಡಿಯಾಚೆಯ ಕನ್ನಡ ಶಾಲೆಯ ಮಗುವಿಗೆ ಈ ಪ್ರಶ್ನೆ ಇನ್ನಷ್ಟು ಹತ್ತಿರದ್ದು. ಬೆಂಗಳೂರು, ಧಾರವಾಡಗಳ ಮಗು ಚಿತ್ರಕಥೆಯಲ್ಲಿ ಕಾಣದ ಕನ್ನಡವನ್ನು ಅಂಗಡಿಯ ಫಲಕದಲ್ಲಿ, ಬಸ್ಸಿನ ಹಣೆಯ ಮೇಲೆ, ದಿನಪತ್ರಿಕೆಯಲ್ಲಿ ಕಂಡೀತು. ಮಿರಜದ ಬೀದಿಯಲ್ಲಿ ಅಕ್ಷರವೆಂದರೆ ದೇವನಾಗರಿ. ಜತ್ತ ತಾಲೂಕಿನ ಹಳ್ಳಿಗಳಲ್ಲಿ ಮನೆಮಾತು ಕನ್ನಡವಾದರೂ ತಹಶೀಲದಾರರ ಕಚೇರಿಯ ಕಾಗದ ಮರಾಠಿಯದು. ಅಂಥ ಮಗುವಿಗೆ ಉದ್ದನೆಯ, ಕೂಡಿಕೊಂಡ, ಏರಿಳಿತವುಳ್ಳ ಕನ್ನಡ ವಾಕ್ಯ ದೊರೆಯುವ ಸ್ಥಳ ಪುಸ್ತಕವೊಂದೇ. ಪಾತ್ರದ ಬಾಯಿಂದ ಹೊರಡುವ ಗುಳ್ಳೆಯಲ್ಲಿ ಹತ್ತು ಹದಿನೈದು ಶಬ್ದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಕಥೆ ತಿಳಿಯುತ್ತದೆ, ಕನ್ನಡ ಹೊರಗೇ ನಿಲ್ಲುತ್ತದೆ.

ಹಾಗೆಂದು ಚಿತ್ರವನ್ನೇ ದೂರವಿಡುವ ಪಾಲಕರ ನಿಲುವು ಒಪ್ಪತಕ್ಕದ್ದಲ್ಲ. ‘ಬೊಂಬೆ ನೋಡುವುದು ಓದಲ್ಲ’ ಎನ್ನುವವರು ಮಗು ತಡವರಿಸುವ ಸ್ಥಳವನ್ನು ಗಮನಿಸಿಲ್ಲ. ಬುರುಜು, ಪಹರೆ, ದಿಡ್ಡಿಬಾಗಿಲು ಎಂಬ ಮಾತುಗಳು ಬಂದಾಗ ಎದುರಿನ ಪುಟದಲ್ಲಿ ಕೋಟೆಯ ಚಿತ್ರವಿದ್ದರೆ ಕಣ್ಣು ಮುಂದೆ ಸಾಗುತ್ತದೆ. ಗಡಿನಾಡಿಗೆ ಬೇಕಾದುದು ಒಬಾಟಾನ ದಾರಿ, ಇನ್ನೂ ಸ್ವಲ್ಪ ಉದಾರವಾಗಿ: ಮುಖಪುಟವೂ ಹೊಸದು, ಅಧ್ಯಾಯಕ್ಕೆರಡು ಚಿತ್ರ, ಪಠ್ಯ ಮಾತ್ರ ಲೇಖಕನದೇ. ಶೈಲಿ ಮಾಂಗಾದ್ದಾದರೂ ಅಡ್ಡಿಯಿಲ್ಲ. ಆದರೆ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯ (1899) ಬಾಲವಿಧವೆ ಟೋಕಿಯೋ ಶಾಲೆಯ ಹುಡುಗಿಯಂತೆ ಕಾಣಿಸಿಕೊಂಡರೆ ಚಿತ್ರಕಾರ ಕಾದಂಬರಿಯನ್ನು ಓದಿಲ್ಲವೆಂದೇ ಅರ್ಥ.

ಯಾವ ಕಾದಂಬರಿಗಳನ್ನು ಹೀಗೆ ತರಬಹುದು? ಕೃತಿಸ್ವಾಮ್ಯವು ಲೇಖಕರ ಜೀವಿತಾವಧಿಗೂ, ಅವರು ತೀರಿದ ಮರುವರ್ಷದ ಆರಂಭದಿಂದ 60 ವರ್ಷಗಳಿಗೂ ಇರುತ್ತದೆ. ಕುವೆಂಪು 1994ರಲ್ಲಿ, ಕಾರಂತರು 1997ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳು ಕ್ರಮವಾಗಿ 2054, 2057ರ ಕೊನೆಯವರೆಗೆ ಹಕ್ಕುದಾರರ ಸ್ವತ್ತು, ಅನುಮತಿಯಿಲ್ಲದೆ ಮುಟ್ಟುವಂತಿಲ್ಲ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರ ಜನವರಿ 1ರಿಂದ ಎಲ್ಲರವೂ ಆಗಿವೆ. ಲೇಖಕರು ತೀರಿದ ಮೇಲೆ ಮೊದಲ ಸಲ ಅಚ್ಚಾದ ಕೃತಿಗೆ ಲೆಕ್ಕ ಬೇರೆ, ಪ್ರಕಟಣೆಯ ವರ್ಷದಿಂದ. ಇದನ್ನು ನೋಡದೆ ಮುದ್ರಣಕ್ಕಿಳಿದ ಉತ್ಸಾಹಿಗಳು ತೊಂದರೆಗೆ ಸಿಲುಕಬಹುದು.

ಆದರೆ ಈ ಭಾಗಕ್ಕೆ ಹೆಚ್ಚು ಸಲ್ಲುವವರು ಗಳಗನಾಥರು. ವೆಂಕಟೇಶ ತಿರಕೋ ಕುಲಕರ್ಣಿ ಎಂಬುದು ಅವರ ನಿಜನಾಮ. ವೃತ್ತಿಯಿಂದ ಶಾಲಾ ಮಾಸ್ತರರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಪುಣೆಯ ಹರಿ ನಾರಾಯಣ ಆಪಟೆಯವರ ಐತಿಹಾಸಿಕ ಕಾದಂಬರಿಗಳನ್ನು ಅವರು ಮರಾಠಿಯಿಂದ ಕನ್ನಡಕ್ಕೆ ತಂದರು. ಆಪಟೆ ತೀರಿದ್ದು 1919ರಲ್ಲಿ, ಗಳಗನಾಥರು 1942ರಲ್ಲಿ. ಮೂಲಕ್ಕೂ ಅನುವಾದಕ್ಕೂ ಈಗ ಯಾರ ತಡೆಯೂ ಇಲ್ಲ. ಕನ್ನಡ ಶಾಲೆಯ ಹುಡುಗಿ ಗಳಗನಾಥರನ್ನೂ, ನೆರೆಮನೆಯ ಅವಳ ಮರಾಠಿ ಗೆಳತಿ ಆಪಟೆಯವರನ್ನೂ ಒಂದೇ ಚಿತ್ರಗಳೊಡನೆ ಓದುವ ಪುಸ್ತಕ ಸಾಂಗಲಿಯಲ್ಲಿ ಅಚ್ಚಾದರೆ ಅದರಲ್ಲಿ ಅಸಹಜವಾದುದೇನೂ ಇಲ್ಲ. ಕರಾವಳಿಯ ಭಾಗವತ ಮೇಳದ ಆಟದಿಂದ ಪ್ರೇರಣೆ ಪಡೆದು ವಿಷ್ಣುದಾಸ ಭಾವೆಯವರು 1843ರಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿಸಿದ್ದು ಈ ಊರಿನಲ್ಲಿಯೇ.

ಇದಕ್ಕೆ ದೊಡ್ಡ ಪ್ರಕಾಶಕರನ್ನು ಕಾಯಬೇಕಾಗಿಲ್ಲ. ಒಂದು ಶಾಲೆಯ ಚಿತ್ರಕಲಾ ಶಿಕ್ಷಕರೂ ಎಂಟು ಹತ್ತು ವಿದ್ಯಾರ್ಥಿಗಳೂ ಒಂದು ಬೇಸಿಗೆ ರಜೆಯಲ್ಲಿ ಒಂದು ಕಾದಂಬರಿಗೆ ಚಿತ್ರ ಬರೆಯಬಲ್ಲರು. ಎಚ್ಚರಿಕೆ ಎರಡೇ. ಇತ್ತೀಚಿನ ಮರುಮುದ್ರಣದ ಮುನ್ನುಡಿ, ಟಿಪ್ಪಣಿಗಳಿಗೆ ಸಂಪಾದಕರ ಹಕ್ಕು ಪ್ರತ್ಯೇಕವಾಗಿ ಇರುವುದರಿಂದ ಹಳೆಯ ಮುದ್ರಣವನ್ನೇ ಆಧಾರವಾಗಿ ಇಟ್ಟುಕೊಳ್ಳಬೇಕು. ಇನ್ನು, ಮಕ್ಕಳು ಬರೆದ ಚಿತ್ರಗಳ ಹಕ್ಕು ಆ ಮಕ್ಕಳದು. ಪ್ರತಿಯೊಂದು ಚಿತ್ರದ ಕೆಳಗೆ ಬರೆದವರ ಹೆಸರು ಅಚ್ಚಾಗಬೇಕು, ಪಾಲಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆದಿರಬೇಕು.